ಏಳನೆಯ ಫಾರಂ

ಮೈದಾಹಿಟ್ಟನ್ನು ನೀರಿನಲ್ಲಿ ಕಲಸಿ, ಸಣ್ಣ ಉರಿಯ ಮೇಲೆ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದಾಗ ಏಳುವ ವಾಸನೆ ಅಷ್ಟೇನೂ ಒಳ್ಳೆಯದಲ್ಲ. ಹುಳಿ ಬಂದ ಹಿಟ್ಟಿನದು ಅರ್ಧ, ತಾಮ್ರದ ಪಾತ್ರೆ ತೊಳೆದ ನೀರಿನದು ಅರ್ಧ. ಆದರೆ ಅಂಕಣಗಾರ್ತಿಗೆ ಬಾಲ್ಯವೆಂದರೆ ಆ ವಾಸನೆಯೇ. ಆಕೆಯ ಅಪ್ಪ ಪುಸ್ತಕ ಕಟ್ಟುವವರು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಸಂಸಾರ. ನಡುವೆ ಬಾಗಿಲಿರಲಿಲ್ಲ, ಅಂಟಿನ ವಾಸನೆಯೇ ಪರದೆ. ಶಾಲೆಯಲ್ಲಿ ಪಕ್ಕ ಕೂತ ಹುಡುಗಿಯರು ಇವಳ ಜಡೆ ಮೂಸಿ, "ನಿಮ್ಮನೇಲಿ ಎಣ್ಣೆ ಬದಲು ಗೋಂದು ಹಚ್ತಾರಾ?" ಎಂದು ಕೇಳುತ್ತಿದ್ದರು.

ಅಪ್ಪ ಮಕ್ಕಳಿಗೆ ಕಲಿಸಿದ ಮೊದಲ ಲೆಕ್ಕ ಫಾರಮ್ಮಿನದು. ಅಚ್ಚಾದ ದೊಡ್ಡ ಹಾಳೆಯೊಂದನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಅದು ಒಂದು ಫಾರಂ. ಪ್ರತಿ ಫಾರಮ್ಮಿನ ಮೊದಲ ಪುಟದ ಕೆಳತುದಿಯಲ್ಲಿ ಇರುವೆಯಷ್ಟು ಚಿಕ್ಕ ಅಂಕಿಯೊಂದಿರುತ್ತದೆ, ಒಂದು, ಎರಡು, ಮೂರು ಎಂದು. ಮೇಜಿನ ಸುತ್ತ ನಡೆಯುತ್ತ ಒಂದೊಂದನ್ನೇ ಎತ್ತಿ ಪೇರಿಸಿ, ಅಂಕಿ ನೋಡಿ, ಆಮೇಲೆ ದಾರ ಹಾಕಬೇಕು. "ಹೊಲಿಯೋಕೆ ಮುಂಚೆ ಎಣಿಸು. ಹೊಲಿದ ಮೇಲೆ ಎಣಿಸಿದ್ರೆ ಬರೀ ಅಳು" ಎನ್ನುತ್ತಿದ್ದರು ಅಪ್ಪ. ಎಂಟು ವರ್ಷಕ್ಕೇ ಆಕೆಗೆ ಇದು ಕಣ್ಣುಮುಚ್ಚಿ ಬರುತ್ತಿತ್ತು.

ಈಗ ಆಕೆಗೆ ಅರವತ್ತೆಂಟು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದಳು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತಾರು ವರ್ಷದಿಂದ ಒಂದು ದಿನಪತ್ರಿಕೆಗೆ ಪ್ರತಿ ಭಾನುವಾರ ಅಂಕಣ ಬರೆಯುತ್ತಿದ್ದಳು. ಒಂದು ವಾರ ಹೊಸ ಪುಸ್ತಕ, ಇನ್ನೊಂದು ವಾರ ನಾಟಕವೋ ಚಿತ್ರಪ್ರದರ್ಶನವೋ, ಮತ್ತೊಂದು ವಾರ ಊರಲ್ಲಿ ಎಲ್ಲರ ಬಾಯಲ್ಲಿರುವ ಸುದ್ದಿ. ಪತ್ರಿಕೆಯ ಕಚೇರಿಯವರು ಆಕೆಯನ್ನು "ಅಂಕಣದಮ್ಮ" ಎನ್ನುತ್ತಿದ್ದರು. ಬರೆದದ್ದನ್ನು ಮೊದಲು ಕೇಳುವವಳು ಮನೆಯಲ್ಲಿದ್ದ ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಮಾತನ್ನು ತಂತಿಗೆ ಜೋಡಿಸಿದ ಅಕ್ಕನಿಗೆ ಕೇಳಿಸಿಕೊಳ್ಳುವುದೇ ಕಸುಬು. ತಂಗಿ ಓದುವಾಗ ಅವಳು ತರಕಾರಿ ಹೆಚ್ಚುತ್ತಿದ್ದಳು. ಚಾಕು ನಿಂತಿತೆಂದರೆ ಆ ವಾಕ್ಯದಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಅಕ್ಕ ಬಾಯಿ ಬಿಟ್ಟು ಹೇಳುವ ಮೊದಲೇ ತಂಗಿ ಆ ಸಾಲಿಗೆ ಗೆರೆ ಎಳೆದಿರುತ್ತಿದ್ದಳು.

ಹಿಂದಿನ ತಿಂಗಳು ಬರೆದ ಒಂದು ಅಂಕಣಕ್ಕೆ ಮಾತ್ರ ಚಾಕು ಒಮ್ಮೆಯೂ ನಿಂತಿರಲಿಲ್ಲ. ರೈಲು ನಿಲ್ದಾಣದ ಹತ್ತಿರ ಕುಸಿದ ಕಾಲುಸೇತುವೆಯ ತನಿಖಾ ವರದಿ ಹೊರಬಂದಿತ್ತು. ಅದರಲ್ಲಿ ನಲವತ್ತನೆಯ ಪುಟದ ನಂತರ ನೇರ ನಲವತ್ತೊಂಬತ್ತು. ನಡುವಿನ ಎಂಟು ಪುಟ ಮಾಯ. "ಸೇತುವೆ ಬಿದ್ದದ್ದು ಒಂದು ಕಡೆ, ವರದಿಯಲ್ಲಿ ಕಂದರ ಬಿದ್ದದ್ದು ಇನ್ನೊಂದು ಕಡೆ. ಪುಟ ಎಣಿಸುವಷ್ಟು ಅಕ್ಷರ ಜನರಿಗೆ ಬರುತ್ತದೆ" ಎಂದು ಆಕೆ ಬರೆದಿದ್ದಳು. ಓದುಗರ ಪತ್ರಗಳು ಚೀಲ ತುಂಬಿ ಬಂದವು. ಅಕ್ಕನೂ "ಚೆನ್ನಾಗಿ ಝಾಡಿಸಿದೀಯ" ಎಂದಿದ್ದಳು.

ಆ ಹೊತ್ತಿಗೆ ಆಕೆಯ ಅಂಕಣಗಳ ಆಯ್ಕೆಯೊಂದು ಪುಸ್ತಕವಾಗುತ್ತಿತ್ತು. ಪ್ರಕಾಶಕನಿಗೆ ಎಲ್ಲರೂ ಗಡಿಬಿಡಿ ಎಂದು ಹೆಸರಿಟ್ಟಿದ್ದರು. ಫೋನಿನಲ್ಲಿ ಅವನು ಮಾತು ಶುರುಮಾಡುವುದೇ ನಡುವಿನಿಂದ. ಒಂದು ಬೆಳಿಗ್ಗೆ ಅವನದೇ ಫೋನು.

"...ಅದಕ್ಕೇ ಹೇಳ್ತಿರೋದು ಅಮ್ಮ, ಎಲ್ಲದಕ್ಕೂ ಪುಟಸಂಖ್ಯೆ ಬೇಕು. ನೀವು ಎತ್ತಿ ಹೇಳಿರೋ ಮಾತು ಯಾವ ಪುಸ್ತಕದ ಯಾವ ಪುಟದ್ದು ಅಂತ ಅಡಿಟಿಪ್ಪಣಿ ಹಾಕ್ಬೇಕು. ಈಗಿನ ಕಾಲ ಹಾಗಿದೆ."

"ನಾನು ಪುಟಸಂಖ್ಯೆ ಬರ್ಕೊಳ್ಳಲ್ಲಪ್ಪ. ಚೀಟಿ ಇಡ್ತೀನಿ ಅಷ್ಟೆ."

"ಚೀಟಿ ಇಟ್ಟಿರೋ ಪುಸ್ತಕ ನೋಡಿ ಹೇಳಿ ಹಾಗಾದ್ರೆ. ಮೊದಲನೇ ಲೇಖನದಿಂದ ಶುರುಮಾಡಿ."

ಮೊದಲನೆಯದು ಹನ್ನೊಂದು ವರ್ಷದ ಹಿಂದಿನದು, ಆಕೆಗೆ ದೊಡ್ಡ ಹೆಸರು ತಂದದ್ದು. ನಾಟಕ ತಂಡವೊಂದರಲ್ಲಿ ತೆರೆಯ ಮರೆಯಲ್ಲಿ ಕೂತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದ ಹೆಂಗಸೊಬ್ಬಳು ತನ್ನ ಬದುಕಿನ ಕಥೆ ಬರೆದಿದ್ದಳು. ತಂಡದವರು ಅವಳನ್ನು ಪಿಸುಮಾತಿನಕ್ಕ ಎಂದು ಕರೆಯುತ್ತಿದ್ದರು. ಆ ಪುಸ್ತಕದಲ್ಲಿ ಒಂದು ಕಡೆ ಅಧ್ಯಾಯ ಹೀಗೆ ಮುಗಿಯುತ್ತದೆ: "ವೈದ್ಯರು ನನ್ನ ಗಂಟಲಿಗೆ ಕತ್ತರಿ ಹಾಕಿದರು. ಅಂದಿನಿಂದ ನಾನು ಮಾತಾಡಲಿಲ್ಲ." ಪುಟ ತಿರುಗಿಸಿದರೆ ಮುಂದಿನ ಅಧ್ಯಾಯ: "ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಹಾಲಿನವನನ್ನು ಕೂಗಿ ಕರೆದೆ." ನಡುವಿನ ಮೂರು ವರ್ಷದ ಬಗ್ಗೆ ಒಂದಕ್ಷರವಿಲ್ಲ. ಅಂಕಣಗಾರ್ತಿ ಇದನ್ನು ಹಿಡಿದುಕೊಂಡು, ಎಲ್ಲರಿಗೂ ಮಾತು ಎತ್ತಿಕೊಟ್ಟವಳು ತನ್ನ ಮಾತನ್ನೇ ಕೆಳಗಿಟ್ಟಳು, ಇಷ್ಟು ಧೈರ್ಯದ ಮೌನ ನಮ್ಮ ಆತ್ಮಕಥೆಗಳಲ್ಲಿ ಅಪರೂಪ ಎಂದು ಬರೆದಳು. 'ಹೇಳದೆ ಉಳಿದದ್ದು' ಎಂಬ ಆ ಲೇಖನ ಕಾಲೇಜಿನ ಪಠ್ಯವಾಯಿತು. ವರ್ಷಾವರ್ಷ ವಿದ್ಯಾರ್ಥಿಗಳು 'ಮೌನದ ಮಹತ್ವವನ್ನು ವಿವರಿಸಿ' ಎಂಬ ಪ್ರಶ್ನೆಗೆ ಮೂರು ಪುಟ ಮಾತಾಡುತ್ತ ಬಂದರು. ಹೊಸ ಪುಸ್ತಕಕ್ಕೂ ಅದೇ ಹೆಸರು.

ವಿಮರ್ಶೆಗೆ ಬಂದಿದ್ದ ಪ್ರತಿ ಯಾರೋ ಓದಲು ಒಯ್ದು ವಾಪಸು ಕೊಟ್ಟಿರಲಿಲ್ಲ. ಹಾಗಾಗಿ ಆಕೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು.

ಗ್ರಂಥಪಾಲಕಿ ಪರಿಚಯದವಳೇ. ಅಂಕಣಗಾರ್ತಿಯ ಮೊಣಕಾಲು ನೋವು ಗೊತ್ತಿದ್ದುದರಿಂದ, ಕೇಳುವ ಮೊದಲೇ ತನ್ನ ಕೈಯಿರುವ ಕುರ್ಚಿಯನ್ನು ಓದುವ ಮೇಜಿಗೆ ಎಳೆದಿಟ್ಟು, ತಾನು ಸ್ಟೂಲಿನ ಮೇಲೆ ಕೂತಳು. "ಮೊದಲ ಮುದ್ರಣ ಒಂದಿದೆ, ಎರಡನೇದು ಒಂದಿದೆ. ಎರಡೂ ತಂದಿಟ್ಟಿದೀನಿ ಮೇಡಂ. ಯಾವುದು ಬೇಕೋ ನೋಡ್ಕೊಳ್ಳಿ."

ಮೊದಲ ಮುದ್ರಣದಲ್ಲಿ ಆ ಸಾಲು ಸಿಕ್ಕಿತು. ತೊಂಬತ್ತಾರನೆಯ ಪುಟದ ಕೊನೆಗೆ. ಸಂಖ್ಯೆ ಬರೆದುಕೊಂಡು, ಹಾಲಿನವನ ಸಾಲಿಗಾಗಿ ಆಕೆ ಪುಟ ತಿರುಗಿಸಿದಳು. ಹಾಲಿನವನಿರಲಿಲ್ಲ. ತೊಂಬತ್ತೇಳನೆಯ ಪುಟದ ಕೆಳತುದಿಯಲ್ಲಿ ಇರುವೆಯಷ್ಟು ಚಿಕ್ಕದಾಗಿ 'ಏಳು' ಎಂಬ ಅಂಕಿಯಿತ್ತು. ಮೇಲೆ ಹೊಸ ಅಧ್ಯಾಯವೊಂದು ಶುರುವಾಗಿತ್ತು, ಆಕೆ ಯಾವತ್ತೂ ಓದದಿದ್ದ ಅಧ್ಯಾಯ.

ಹಾಲಿನವನು ಬಂದದ್ದು ನೂರ ಹದಿಮೂರನೆಯ ಪುಟಕ್ಕೆ. ನಡುವೆ ಹದಿನಾರು ಪುಟ. ಸರಿಯಾಗಿ ಒಂದು ಫಾರಂ.

ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತನ್ನು ಆಕೆ ಬೇರೆಯವರ ಬಗ್ಗೆ ಎಷ್ಟು ಸಲ ಬರೆದಿದ್ದಳೋ. ಆಕೆಗೆ ಬಂದ ಪ್ರತಿಯಲ್ಲಿ ಏಳನೆಯ ಫಾರಂ ಇರಲೇ ಇಲ್ಲ. ಕಟ್ಟುವವನು ಮೇಜಿನ ಸುತ್ತ ನಡೆಯುವಾಗ ಒಂದು ಹೆಜ್ಜೆ ತಪ್ಪಿದ್ದ. ತಪ್ಪಿದ ಜಾಗದಲ್ಲಿ ಎರಡೂ ಕಡೆಯ ವಾಕ್ಯಗಳು ತಾವಾಗಿ ಕೈ ಹಿಡಿದುಕೊಂಡು ನಿಂತಿದ್ದವು. ಪುಸ್ತಕ ಕಟ್ಟುವವರ ಮಗಳು ಅದಕ್ಕೆ ಮೌನವೆಂದು ಹೆಸರಿಟ್ಟಿದ್ದಳು.

ಆಕೆ ಹದಿನಾರು ಪುಟವನ್ನೂ ಓದಿದಳು. ಗಂಟಲು ಹೋದ ಮೇಲೆ ಪಿಸುಮಾತಿನಕ್ಕನ ಕೆಲಸ ಹೋಗಬೇಕಿತ್ತು. ಹೋಗದಂತೆ ನೋಡಿಕೊಂಡವಳು ತಂಡದ ಉಡುಪು ಹೊಲಿಯುತ್ತಿದ್ದ ಹೆಂಗಸು, ಅಡ್ಡಹೆಸರು ಸೂಜಿ. ಸೂಜಿ ಅವಳನ್ನು ತನ್ನ ಒಂದೂವರೆ ಕೋಣೆಯ ಮನೆಗೆ ಕರೆದೊಯ್ದಳು. ಸಂಜೆ ನಾಟಕದ ಹೊತ್ತಿಗೆ ಇಬ್ಬರೂ ತೆರೆಯ ಮರೆಯ ಕತ್ತಲಲ್ಲಿ ಕೂರುತ್ತಿದ್ದರು. ಪಿಸುಮಾತಿನಕ್ಕ ಸಾಲಿನ ಮೇಲೆ ಬೆರಳಿಡುವಳು, ಸೂಜಿ ಆ ಸಾಲನ್ನು ಪಿಸುಗುಡುವಳು. ಸೂಜಿ ಓದಿದ್ದು ನಾಲ್ಕನೆಯ ತರಗತಿ. ಅದಕ್ಕಾಗಿ ಹಗಲೆಲ್ಲ ಯಂತ್ರ ತುಳಿಯುತ್ತ ಸಾಲುಗಳನ್ನು ಉರುಹೊಡೆಯುತ್ತಿದ್ದಳು. ತಪ್ಪಿದರೆ ಪಿಸುಮಾತಿನಕ್ಕ ಮೇಜಿನ ಮೇಲೆ, ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿಯಿಂದ ಟಕ್ಕೆಂದು ಬಡಿಯುವಳು. ಮೂರು ವರ್ಷ ತಂಡದ ಯಜಮಾನನಿಗೆ ಸುಳಿವೇ ಸಿಗಲಿಲ್ಲ.

ಎರಡನೆಯ ಮುದ್ರಣದಲ್ಲಿ ಈ ಅಧ್ಯಾಯವಿರಲಿಲ್ಲ. ಮುನ್ನುಡಿಗೆ ಎರಡು ಸಾಲು ಸೇರಿತ್ತು: "ಹಿರಿಯ ವಿಮರ್ಶಕಿಯೊಬ್ಬರ ಮಾತು ಓದಿದ ಮೇಲೆ ಕೆಲವು ಪುಟಗಳನ್ನು ಕೈಬಿಟ್ಟಿದ್ದೇನೆ. ತಿಳಿದವರು ಹೇಳಿದ್ದು ಸರಿಯಿರುತ್ತದೆ." ಆ ಮುದ್ರಣದಲ್ಲಿ ಸೂಜಿ ಎಂಬ ಹೆಸರೇ ಇಲ್ಲ. ಒಂದು ಕಡೆ ಮಾತ್ರ, ತಂಡದ ಕೋಣೆಯ ವರ್ಣನೆಯಲ್ಲಿ, "ಮೂಲೆಯಲ್ಲಿ ಯಾರೋ ಬಟ್ಟೆ ಹೊಲಿಯುತ್ತಿದ್ದರು" ಎಂದಿತ್ತು.

ಅಂಕಣಗಾರ್ತಿಗೆ ಹಳೆಯ ಕಾರ್ಡೊಂದು ನೆನಪಾಯಿತು. ಲೇಖನ ಬಂದ ವಾರ ಪಿಸುಮಾತಿನಕ್ಕ ಬರೆದಿದ್ದಳು: "ನಾನು ಬರೆದದ್ದಕ್ಕಿಂತ ನೀವು ಓದಿದ್ದೇ ಚೆನ್ನಾಗಿದೆ." ವಿನಯದ ಮಾತು ಎಂದುಕೊಂಡು ಆಕೆ ಅದನ್ನು ನಾಲ್ಕು ಭಾಷಣಗಳಲ್ಲಿ ಹೇಳಿಕೊಂಡಿದ್ದಳು. ಅದು ವಿನಯವಾಗಿರಲಿಲ್ಲ, ನಡೆದದ್ದರ ವರದಿ. ಪಿಸುಮಾತಿನಕ್ಕ ಹೋದ ವರ್ಷ ತೀರಿಕೊಂಡಿದ್ದಳು.

ಮನೆಯಲ್ಲಿ ಎಲ್ಲ ಕೇಳಿದ ಅಕ್ಕ ಸ್ವಲ್ಪ ಹೊತ್ತು ಬೀನ್ಸಿನ ನಾರು ತೆಗೆಯುತ್ತಲೇ ಇದ್ದಳು.

"ಹನ್ನೊಂದು ವರ್ಷ ಯಾರೂ ಹೇಳ್ಲಿಲ್ವಾ?"

"ಪುಸ್ತಕ ಓದಿದೋರು ನನ್ನ ಲೇಖನ ಓದಿಲ್ಲ. ಲೇಖನ ಓದಿದೋರು ಪುಸ್ತಕ ಓದಿಲ್ಲ."

"ಸೇತುವೆಯೋರನ್ನ ನಲವತ್ತೊಂದನೇ ಪುಟ ಎಲ್ಲಿ ಅಂತ ಕೇಳಿದೋಳು ನೀನೇ ಅಲ್ವೇನೆ?"

"ನಾನೇ."

"ಪಾಪ, ಅವರದ್ದು ಬರೀ ಎಂಟು ಪುಟ" ಎಂದಳು ಅಕ್ಕ.

ಮೂರು ದಿನ ಆಕೆ ಏನೂ ಮಾಡಲಿಲ್ಲ. ಮಾಡದಿರುವುದಕ್ಕೂ ಕಾರಣಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ತಪ್ಪು ಕಟ್ಟುವವನದು. ಬರೆದವಳೇ ಒಪ್ಪಿಕೊಂಡು ಪುಟ ತೆಗೆದಿದ್ದಾಳೆ. ಲೇಖನ ಲೇಖನವಾಗಿ ಈಗಲೂ ಚೆನ್ನಾಗಿದೆ, ಅದೂ ನಿಜವೇ. ಓದಿ ನೋಡಿದರೆ ಒಂದು ವಾಕ್ಯವೂ ಸಡಿಲವಿಲ್ಲ. ಆಮೇಲೆ ಆಕೆಗೆ ಹೊಳೆದದ್ದು, ಸಡಿಲವಿಲ್ಲದ್ದಕ್ಕೆ ಕಾರಣವೂ ಅದೇ ಎಂದು. ಇರುವುದರ ಬಗ್ಗೆ ಬರೆಯುವಾಗ ಇರುವುದು ಎದುರು ವಾದಿಸುತ್ತದೆ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ. ಇಲ್ಲದ್ದು ಬಾಯಿಲ್ಲದ ಕೂಸು, ಏನು ತೊಡಿಸಿದರೂ ತೊಟ್ಟುಕೊಳ್ಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಇನ್ನೆಷ್ಟು ಖಾಲಿ ಜಾಗಗಳಿಗೆ ತಾನು ಅಂಗಿ ಹೊಲಿದಿದ್ದೇನೋ ಎಂದು ಯೋಚಿಸಿದಳು, ಲೆಕ್ಕ ಹಾಕುವ ಗೋಜಿಗೆ ಮಾತ್ರ ಹೋಗಲಿಲ್ಲ.

ನಾಲ್ಕನೆಯ ದಿನ ಲೇಖನದ ಕೆಳಗೆ ಹಾಕಲು ಸಣ್ಣ ಅಡಿಟಿಪ್ಪಣಿಯೊಂದನ್ನು ಬರೆದಳು. 'ಮೊದಲ ಮುದ್ರಣದ ಕೆಲವು ಪ್ರತಿಗಳಲ್ಲಿ ಇಲ್ಲಿ ಹೆಚ್ಚುವರಿ ಪುಟಗಳಿರುವುದು ಈಚೆಗೆ ಗಮನಕ್ಕೆ ಬಂದಿದೆ.' ಅಕ್ಕನಿಗೆ ಓದಿ ಹೇಳಿದಳು.

ಚಾಕು ನಿಂತಿತು.

"ಹೆಚ್ಚುವರಿ ಅಂದ್ರೆ?" ಎಂದಳು ಅಕ್ಕ. "ಆ ಹೆಂಗಸು ಹೆಚ್ಚುವರಿಯಾ?"

ಆಕೆ ಟಿಪ್ಪಣಿಯನ್ನು ಹರಿದು ಪ್ರಕಾಶಕನಿಗೆ ಫೋನು ಮಾಡಿದಳು. ಸಂಗತಿ ಹೇಳಿ, ಮೊದಲ ಲೇಖನ ಪುಸ್ತಕದಲ್ಲಿ ಬೇಡ ಎಂದಳು.

"ಅಮ್ಮ, ಮುಖಪುಟ ಅಚ್ಚಾಗಿ ಬಂದು ಕೂತಿದೆ. ಅದರ ಹೆಸರೇ ಅದು. ಅದನ್ನ ತೆಗೆದ್ರೆ ಪುಸ್ತಕಕ್ಕೆ ಮೂಗೇ ಇರಲ್ಲ."

"ಇರೋ ಮೂಗು ಮೇಣದ್ದು ಕಣಪ್ಪ."

"ಯಾರಿಗೆ ಗೊತ್ತಾಗತ್ತೆ? ಬರೆದೋರು ತೀರ್ಕೊಂಡ್ರು."

"ಹೊಲಿಯೋರು ಇದ್ದಾರೋ ಏನೋ. ವಿಚಾರಿಸ್ತೀನಿ. ಇದ್ದು ಒಪ್ಪಿದ್ರೆ, ನನ್ನ ಲೇಖನದ ಜಾಗದಲ್ಲಿ ಆ ಹದಿನಾರು ಪುಟಾನೇ ಹಾಕು, ಬರೆದೋರ ಹೆಸರಲ್ಲೇ. ಅದರ ಹಿಂದೆ ನಾನು ತಪ್ಪು ಮಾಡಿದ್ದು ಹೇಗೆ ಅಂತ ಎರಡು ಪುಟ ಬರೀತೀನಿ. ಭಾನುವಾರದ ಅಂಕಣಕ್ಕೂ ಅದೇ."

ಆ ಕಡೆ ಅವನು ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ "ಹೊಸ ಹೆಸರು ಯೋಚನೆ ಮಾಡಿ ಹಾಗಾದ್ರೆ, ಬೇಗ" ಎಂದು ಇಟ್ಟುಬಿಟ್ಟ.

ಹಳೆಯ ಕಾರ್ಡಿನಲ್ಲಿ ಪಿಸುಮಾತಿನಕ್ಕನ ವಿಳಾಸವಿತ್ತು. ವಿಚಾರಿಸಿದಾಗ, ಸೂಜಿ ಈಗಲೂ ಅದೇ ಮನೆಯಲ್ಲಿರುವುದು ತಿಳಿಯಿತು. ಗುರುವಾರ ಬೆಳಿಗ್ಗೆ, ಬರೆದ ಅಂಕಣವನ್ನು ಕೈಚೀಲದಲ್ಲಿಟ್ಟುಕೊಂಡು ಆಕೆ ಬಸ್ಸು ಹತ್ತಿದಳು. ಇಳಿಯುವಾಗ ಚಾಲಕ ಆಕೆ ಕುಂಟುವುದನ್ನು ನೋಡಿ, ನಿಲ್ದಾಣದಿಂದ ನಾಲ್ಕು ಮಾರು ಮುಂದೆ, ಫುಟ್‌ಪಾತ್ ಎತ್ತರವಿದ್ದ ಕಡೆ ನಿಲ್ಲಿಸಿದ. ಕನ್ನಡಿಯಲ್ಲಿ ನೋಡುತ್ತ ಕಾದು, ಆಕೆ ನೆಲ ಮುಟ್ಟಿದ ಮೇಲೆ ಹೊರಟ.

ಕಬ್ಬಿಣದ ಮೆಟ್ಟಿಲು, ಮೊದಲ ಮಹಡಿ. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಹಿಂದೆ ಎಂಬತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಪಕ್ಕದ ಕುರ್ಚಿಯ ಮೇಲೆ ಶಾಲೆಯ ಸಮವಸ್ತ್ರಗಳ ರಾಶಿ, ಎಲ್ಲದರ ಅಂಚು ಬಿಚ್ಚಿತ್ತು.

"ಅಂಚು ಬಿಡಿಸೋದಿದ್ರೆ ಸೋಮವಾರ ಬನ್ನಿ. ಮಕ್ಕಳೆಲ್ಲ ಒಟ್ಟಿಗೇ ಉದ್ದ ಆಗ್ಬಿಟ್ಟಿದಾವೆ" ಎಂದರು ತಲೆಯೆತ್ತದೆ.

ಅಂಕಣಗಾರ್ತಿ ತಾನು ಯಾರೆಂದು ಹೇಳಿದಳು. ಯಂತ್ರದ ಚಕ್ರ ಇನ್ನೆರಡು ಸುತ್ತು ತಿರುಗಿ ನಿಂತಿತು. ಸೂಜಿ ಆಕೆಯನ್ನು ಅಳತೆ ತೆಗೆಯುವವರಂತೆ ಮೇಲಿಂದ ಕೆಳಗೆ ನೋಡಿದರು.

"ನೀವಾ. ಫೋಟೋದಲ್ಲಿ ದಪ್ಪ ಕಾಣ್ತೀರಿ. ಆ ಬಟ್ಟೆ ಮೇಜಿನ ಮೇಲಿಟ್ಟು ಕೂತ್ಕೊಳ್ಳಿ."

ಕೂತು ಆಕೆ ಎಲ್ಲವನ್ನೂ ಹೇಳಿದಳು, ಸುತ್ತು ಬಳಸದೆ. ತನಗೆ ಬಂದ ಪ್ರತಿಯಲ್ಲಿ ಆ ಹದಿನಾರು ಪುಟ ಇರಲಿಲ್ಲ. ಇಲ್ಲವೆಂದು ತಾನು ಗಮನಿಸಲಿಲ್ಲ. ಗಮನಿಸದೆ ಹೊಗಳಿದೆ.

ಸೂಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಂದ್ರೆ, ನೀವು ಓದಿ ಬೇಡ ಅಂದಿದ್ದಲ್ಲ?"

"ಓದೇ ಇರಲಿಲ್ಲ. ಹೋದ ವಾರ ಓದಿದೆ."

"ನಾನು ಬೇರೆ ಅಂದ್ಕೊಂಡಿದ್ದೆ" ಎಂದರು ಸೂಜಿ. "ಓದಿ ನೋಡಿ, ಈ ಹೊಲಿಯೋಳ ಕಥೆ ಇಲ್ದಿದ್ರೇ ಪುಸ್ತಕ ಚೆಂದ ಅಂದಿದೀರಿ ಅಂತ. ನಿಮ್ಮ ಲೇಖನ ಬಂದಾಗ ಅವಳು ಎರಡು ದಿನ ಅದನ್ನೇ ಮತ್ತೆ ಮತ್ತೆ ಓದಿದ್ಲು. ಆಮೇಲೆ, ತೆಗೀಲಾ ಅಂತ ಕೇಳಿದ್ಲು. ತೆಗಿ ಅಂದೆ. ತಿಳಿದೋರು ಹೇಳಿದ ಮೇಲೆ ನಾನೇನು ಹೇಳೋದು. ಬಟ್ಟೆ ಹೆಚ್ಚಾದ್ರೆ ಕತ್ತರಿಸೋದೇ ಅಲ್ವಾ ನಮ್ಮ ಕೆಲಸ."

"ಅವರಿಗೆ ಇಷ್ಟ ಇತ್ತಾ, ತೆಗೆಯೋದು?"

"ಇರಲಿಲ್ಲ. ಅವಳು ಆ ಪುಸ್ತಕ ಬರೆದದ್ದೇ ಆ ಅಧ್ಯಾಯಕ್ಕೋಸ್ಕರ. ಮೊದಲು ಬರೆದದ್ದು ಅದನ್ನೇ. ಮಿಕ್ಕದ್ದು ಆಮೇಲೆ ಹಿಂದೆ ಮುಂದೆ ಸೇರಿಸಿದ್ದು." ಸ್ವಲ್ಪ ತಡೆದು, "ನೀವು ಮೆಚ್ಚಿದ್ದಕ್ಕೆ ಖುಷೀನೂ ಇತ್ತು. ಎರಡೂ ಇತ್ತು" ಎಂದರು.

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಂಕಣಗಾರ್ತಿ ಕೈಚೀಲದಿಂದ ಹಾಳೆ ತೆಗೆದು, ಭಾನುವಾರಕ್ಕೆ ಕಳಿಸುವ ಮೊದಲು ಇದನ್ನು ನಿಮಗೆ ಓದಬೇಕು ಎಂದಳು. ಸೂಜಿ ತಲೆಯಾಡಿಸಿ ಒಂದು ಸಮವಸ್ತ್ರವನ್ನು ಕೈಗೆತ್ತಿಕೊಂಡು ಕೈಹೊಲಿಗೆ ಶುರುಮಾಡಿದರು. ಆಕೆ ಓದಿದಳು. ಮೂರನೆಯ ಪ್ಯಾರಾದ ಹತ್ತಿರ ಅವರು ಕೈ ಎತ್ತಿದರು.

"ಏನದು, ತ್ಯಾಗ ಅಂದ್ರಲ್ಲ?"

"ನೀವು ಮಾಡಿದ್ದು..."

"ತ್ಯಾಗ ಗೀಗ ಏನಿಲ್ಲ. ಅದನ್ನ ತೆಗೀರಿ. ನನಗೂ ಆಸೆ ಇತ್ತು. ಹತ್ತೊಂಬತ್ತು ವರ್ಷ ರಾಜನಿಗೆ ಗುಂಡಿ ಹೊಲಿದಿದೀನಿ, ಒಂದು ದಿನ ರಾಜನಿಗೆ ಮಾತು ಕೊಡೋದು ಅಂದ್ರೆ ಯಾರಿಗೆ ಬೇಡ? ಒಂದ್ಸಲ ಅವನು ಯುದ್ಧದ ಮಾತು ಮರೆತ. ಬೆರಳು ಒಂದು ಸಾಲಲ್ಲಿ ಇತ್ತು, ನಾನು ಗಾಬರಿಗೆ ಕೆಳಗಿನ ಸಾಲು ಹೇಳ್ದೆ. ಅದು ಮಂತ್ರಿದು. ರಾಜನೇ ರಾಜನಿಗೆ 'ಮಹಾಪ್ರಭು, ಶಾಂತರಾಗಬೇಕು' ಅಂದ್ಬಿಟ್ಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಏನೋ ದೊಡ್ಡ ಅರ್ಥ ಇದೆ ಅಂತ."

ಅಂಕಣಗಾರ್ತಿಗೆ ನಗು ಬಂತು. ಇಲ್ಲದ ಅರ್ಥಕ್ಕೆ ಚಪ್ಪಾಳೆ ಹೊಡೆಯುವ ಜನ ಎಂದರೆ ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಸೂಜಿಯೂ ನಕ್ಕರು, ಹಲ್ಲಿಲ್ಲದ ಕಡೆ ಬೆರಳು ಅಡ್ಡ ಇಟ್ಟುಕೊಂಡು.

ಆಕೆ ಪೆನ್ನು ತೆಗೆದು 'ತ್ಯಾಗ'ಕ್ಕೆ ಗೆರೆ ಎಳೆದು, ಪಕ್ಕದಲ್ಲಿ 'ಆಸೆ' ಎಂದು ಬರೆದಳು. ಆಮೇಲೆ, ಆ ಹದಿನಾರು ಪುಟವನ್ನು ತನ್ನ ಪುಸ್ತಕದಲ್ಲಿ ಹಾಕಿಸಲು ಒಪ್ಪಿಗೆಯುಂಟೇ ಎಂದು ಕೇಳಿದಳು.

ಸೂಜಿ ಹೊಲಿಗೆ ಮುಗಿಸಿ, ಗಂಟು ಹಾಕಿ, ದಾರ ಕಡಿದು, ಬಟ್ಟೆಯನ್ನು ಕೊಡವಿ ಮಡಚಿದರು.

"ಮೊದಲು ಓದಿ" ಎಂದರು. "ಅವಳು ಬರೆಯೋವಾಗ ಇಬ್ಬರೂ ಇದೇ ಮನೇಲಿದ್ವಿ, ಆದ್ರೆ ಬರೆದದ್ದನ್ನ ನನಗೆ ಜೋರಾಗಿ ಓದಿ ಹೇಳಲೇ ಇಲ್ಲ, ನಾಚಿಕೆ ಅಂತ. ನಾನೇ ಅಕ್ಷರ ಕೂಡಿಸಿ ಓದ್ಕೊಂಡೆ. ಬೇರೆಯವರ ಬಾಯಲ್ಲಿ ಕೇಳಿಲ್ಲ."

ಗ್ರಂಥಾಲಯದಿಂದ ಎರವಲು ತಂದಿದ್ದ ಮೊದಲ ಮುದ್ರಣದ ಪ್ರತಿ ಕೈಚೀಲದಲ್ಲಿತ್ತು. ಆಕೆ ತೊಂಬತ್ತೇಳನೆಯ ಪುಟ ತೆಗೆದು ಓದತೊಡಗಿದಳು. ಸೂಜಿ ಈ ಸಲ ಬಟ್ಟೆ ಮುಟ್ಟಲಿಲ್ಲ. ಕಿಟಕಿಯ ಬಿಸಿಲು ಯಂತ್ರದ ಮೇಲಿನಿಂದ ನೆಲಕ್ಕೆ, ನೆಲದಿಂದ ಮಂಚದ ಕಾಲಿಗೆ ಸರಿಯಿತು. ಎರಡು ಕಡೆ ಸೂಜಿ "ಅದು ಹಾಗಲ್ಲ" ಎಂದರು, ಒಂದು ಕಡೆ "ಹೌದು, ಹಾಗೇ" ಎಂದರು. ನೂರ ಹನ್ನೆರಡನೆಯ ಪುಟ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆಯಾಗಿತ್ತು.

"ಹಾಕ್ಸಿ" ಎಂದರು ಸೂಜಿ. "ಈ ಸಲ ಎಣಿಸಿ ಕಟ್ಟೋಕೆ ಹೇಳಿ."

"ನಾನೇ ಹೋಗಿ ನಿಂತು ಎಣಿಸ್ತೀನಿ."

ಸೂಜಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದರು. ಒಲೆ ಹೊತ್ತಿದ ಸದ್ದು, ಪಾತ್ರೆಯ ಮುಚ್ಚಳ ತೆಗೆದ ಸದ್ದು. ಅಂಕಣಗಾರ್ತಿ ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ಚೀಲಕ್ಕಿಟ್ಟು, ಹೊರಡಲೆಂದು ಏಳುವಷ್ಟರಲ್ಲಿ ಅವರು ವಾಪಸು ಬಂದರು. ಒಂದು ಕೈಯಲ್ಲಿ ಸಮವಸ್ತ್ರಗಳ ರಾಶಿಯನ್ನು ಮೇಜಿನಿಂದ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಲ್ಲಿದ್ದ ಬಿಸಿ ಅನ್ನದ ತಟ್ಟೆಯನ್ನು ಆಕೆಯ ಕೈಗೆ ಕೊಟ್ಟರು.